ಹಬ್ಬ ಮುಗಿದ ಮೇಲಿನ ತಾಕಯಾಮಾ

ಏಪ್ರಿಲ್ 14 ಮತ್ತು 15ಕ್ಕೆ ಜಪಾನಿನ ಗುಡ್ಡಗಾಡಿನ ಊರು ತಾಕಯಾಮಾದಲ್ಲಿ ಸಾನ್ನೋ ಹಬ್ಬ. ಆ ಎರಡು ದಿನ ಊರಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ರೂಮುಗಳು ತಿಂಗಳುಗಟ್ಟಲೆ ಮುಂಚೆಯೇ ಬುಕ್ ಆಗಿರುತ್ತವೆ. ಏಪ್ರಿಲ್ 29ಕ್ಕೆ ಗೋಲ್ಡನ್ ವೀಕ್ ಶುರು, ಇಡೀ ಜಪಾನೇ ಬ್ಯಾಗು ಹೊತ್ತು ಹೊರಡುತ್ತದೆ. ಈ ಎರಡರ ನಡುವೆ ಒಂದು ಸಂದಿ ಇದೆ. ಹಬ್ಬದ ಗದ್ದಲ ಮುಗಿದಿರುತ್ತದೆ, ರಜೆಯ ಗದ್ದಲ ಶುರುವಾಗಿರುವುದಿಲ್ಲ, ಹೂವು ಮಾತ್ರ ಇನ್ನೂ ಇರುತ್ತದೆ. ನಾವು ಹೋಗಿದ್ದು ಆ ಸಂದಿಯಲ್ಲಿ.

ನಾವು ಅಂದರೆ ನಾನು ಮತ್ತು ನಮ್ಮ ಅತ್ತೆ. ನನ್ನ ಗಂಡ ಕಾರು ಕಂಪನಿಯ ಕೆಲಸದ ಮೇಲೆ ನಗೋಯಾಗೆ ಬಂದವರು. ಏಪ್ರಿಲ್‌ನಲ್ಲಿ ಅವರಿಗೆ ರಜೆ ಕೇಳೋ ಹಾಗೇ ಇಲ್ಲ. ಇಲ್ಲಿ ಶಾಲೆ, ಆಫೀಸು ಎಲ್ಲಕ್ಕೂ ಹೊಸ ವರ್ಷ ಏಪ್ರಿಲ್ 1ಕ್ಕೇ ಶುರು. ಅತ್ತೆ ಸಾಗರದ ಕಡೆಯವರು, ಸಸ್ಯಾಹಾರಿ, ಮಂಡಿನೋವು ಇದೆ, ಮೊಟ್ಟೆಯ ವಾಸನೆಯೂ ಆಗುವುದಿಲ್ಲ. ಅವರನ್ನು ಮೊದಲು ಕ್ಯೋಟೋಗೆ ಕರೆದುಕೊಂಡು ಹೋಗಿದ್ದೆವು. ವಾಪಸ್ ಬಂದು ಅವರು ಹೇಳಿದ್ದು ಇಷ್ಟೇ: "ದೇವಸ್ಥಾನ ಎಲ್ಲಿ ಕಂಡಿತು ಮಾರಾಯ್ತಿ, ಬರೀ ತಲೆ ಕಂಡಿದ್ದು." ಹಾಗಾಗಿ ಈ ಸಲ ಷರತ್ತು ಅವರದ್ದೇ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಜಾಗ. ರೈಲಿಗೆ ಓಡೋದಿಲ್ಲ. ಮಧ್ಯಾಹ್ನ ಊಟ ಆದಮೇಲೆ ಒಂದು ನಿದ್ದೆ.

ಸೋಮವಾರ

ನಗೋಯಾದಿಂದ ತಾಕಯಾಮಾಗೆ 'ಹಿದಾ' ಅನ್ನೋ ಎಕ್ಸ್‌ಪ್ರೆಸ್ ರೈಲು. ಹೆಚ್ಚು ಕಡಿಮೆ ಎರಡು ಗಂಟೆ ಇಪ್ಪತ್ತು ನಿಮಿಷದ ದಾರಿ, ಸೀಟು ಕಾದಿರಿಸಿದರೆ ಒಬ್ಬರಿಗೆ ಸುಮಾರು 6,000 ಯೆನ್. ಹತ್ತಿ ನೋಡಿದರೆ ಸೀಟೆಲ್ಲ ಹಿಂದಕ್ಕೆ ಮುಖ ಮಾಡಿವೆ. ಅತ್ತೆ ನನ್ನ ಮುಖ ನೋಡಿದರು. ಗಾಬರಿ ಏನಿಲ್ಲ, ಗಿಫು ಸ್ಟೇಷನ್‌ನಲ್ಲಿ ರೈಲು ದಿಕ್ಕು ಬದಲಿಸುತ್ತದೆ, ಅಲ್ಲಿಂದ ಮುಂದೆ ಎಲ್ಲರೂ ಮುಂದಕ್ಕೇ ಮುಖ. ಇಪ್ಪತ್ತು ನಿಮಿಷಕ್ಕೋಸ್ಕರ ಸೀಟು ತಿರುಗಿಸುವ ರಗಳೆ ಯಾಕೆ ಅಂತ ಜಪಾನೀಯರೂ ಸುಮ್ನೆ ಹಿಂದೆ ನೋಡುತ್ತಾ ಕೂತಿರುತ್ತಾರೆ.

ಈ ಮಾರ್ಗಕ್ಕೆ ಕರೆಂಟಿನ ತಂತಿ ಇಲ್ಲ. ಮೊದಲು ಡೀಸೆಲ್ ರೈಲು ಓಡುತ್ತಿತ್ತು, 2022ರಿಂದ ಹೊಸ ಹೈಬ್ರಿಡ್ ರೈಲು ಬಂದಿದೆ. ಸದ್ದು ಕಡಿಮೆ, ಕಿಟಕಿ ದೊಡ್ಡದು. ಬಯಲು ಮುಗಿದ ಮೇಲೆ ಹಿದಾ ನದಿ ಜೊತೆಗೆ ಸೇರಿಕೊಳ್ಳುತ್ತದೆ. ಹಸಿರು ನೀರು, ಬಿಳಿ ಬಂಡೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ. ಗೆರೋ ಬಂದಾಗ ಅರ್ಧ ರೈಲು ಇಳಿದು ಹೋಯಿತು, ಅದು ಬಿಸಿನೀರಿನ ಬುಗ್ಗೆಗೆ ಹೆಸರಾದ ಊರು. ಅಲ್ಲಿಂದ ಮುಂದೆ ಬರೀ ಗುಡ್ಡ, ಗುಡ್ಡದ ತುಂಬ ಸಾಲಾಗಿ ನೆಟ್ಟ ಸುಗಿ ಮರ. ಯುದ್ಧ ಮುಗಿದ ಮೇಲೆ ದೇಶದ ತುಂಬ ಇವನ್ನು ನೆಟ್ಟರು, ಈಗ ಪ್ರತಿ ವಸಂತದಲ್ಲೂ ಅವುಗಳ ಪರಾಗಕ್ಕೆ ಅರ್ಧ ಜಪಾನು ಸೀನುತ್ತದೆ. ನಾನೂ ಆ ಗುಂಪಿಗೆ ಸೇರಿದವಳು. ಮಾಸ್ಕ್ ಹಾಕಿಕೊಂಡೇ ಹೋಗಿದ್ದು.

ತಾಕಯಾಮಾದಲ್ಲಿ ಇಳಿದಾಗ ಚಳಿ. ಊರು 570 ಮೀಟರ್ ಎತ್ತರದಲ್ಲಿದೆ, ದೂರದಲ್ಲಿ ಕಾಣುವ ಬೆಟ್ಟಗಳ ಮೇಲೆ ಹಿಮ ಇನ್ನೂ ದಟ್ಟವಾಗಿತ್ತು. ನಗೋಯಾದಲ್ಲಿ ಸಕುರಾ, ಅಂದರೆ ಚೆರ್ರಿ ಹೂ, ಉದುರಿ ಎಲೆ ಬಂದು ಎಷ್ಟೋ ದಿನ ಆಗಿತ್ತು, ಇಲ್ಲಿ ಈಗ ಉದುರುವ ಸರದಿ. ನಮ್ಮ ವಸತಿ ಸ್ಟೇಷನ್ನಿಂದ ನಡೆದು ಹೋಗುವಷ್ಟು ಹತ್ತಿರ. ತತಾಮಿ ಚಾಪೆಯ ಕೋಣೆ, ನಡುವೆ ಕೊತಾತ್ಸು. ಅಂದರೆ ಕೆಳಗೆ ಹೀಟರ್ ಇರುವ ಗಿಡ್ಡ ಮೇಜು, ಮೇಲೆ ದಪ್ಪ ರಜಾಯಿ ಹೊದಿಸಿರುತ್ತಾರೆ, ಅದರೊಳಗೆ ಕಾಲು ತೂರಿಸಿ ಕೂರುವುದು. ಅತ್ತೆ ಕೂತರು. ಆಮೇಲೆ ಏಳಲೇ ಇಲ್ಲ. "ಮಂಡಿಗೆ ಹಿತ ಆಗ್ತದೆ, ನೀನು ಬೇಕಾದರೆ ಊರು ನೋಡಿ ಬಾ" ಅಂದರು. ವಸತಿಯ ಅಜ್ಜಿ, ಅತ್ತೆ ನೆಲದಲ್ಲಿ ಕೂರಲು ಕಷ್ಟ ಪಡೋದನ್ನು ಗಮನಿಸಿ, ಕೇಳುವ ಮೊದಲೇ ಬೆನ್ನು ಒರಗುವ ಒಂದು ಕುರ್ಚಿ ತಂದಿಟ್ಟರು.

ಊಟದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮವರು ಜಪಾನಿಗೆ ಬಂದು ಸೋಲುವುದೇ ಇಲ್ಲಿ. ಮಾಂಸ ಬೇಡ, ಮೀನು ಬೇಡ ಅಂದರೆ ಸಾಲದು. ಸಾರು, ಪಲ್ಯ, ಅದ್ದಿ ತಿನ್ನುವ ನೀರು, ಎಲ್ಲದರ ಬುಡದಲ್ಲೂ 'ದಾಶಿ' ಇರುತ್ತದೆ. ಅದು ಸಾಮಾನ್ಯವಾಗಿ ಒಣಮೀನಿನ ಕಷಾಯ. ಕೇಳಿದರೆ "ಮೀನಿಲ್ಲ" ಅನ್ನುತ್ತಾರೆ, ಸುಳ್ಳು ಹೇಳುತ್ತಿಲ್ಲ, ಅವರ ಲೆಕ್ಕದಲ್ಲಿ ದಾಶಿ ಮೀನೇ ಅಲ್ಲ. ಅದಕ್ಕೇ ನಾನು ಎರಡು ವಾರ ಮುಂಚೆ ಜಪಾನಿಯಲ್ಲೇ ಮೇಲ್ ಹಾಕಿ ಮೀನಿನ ದಾಶಿ ಬೇಡ, ಕೊಂಬು ಮತ್ತು ಶಿಯಿತಾಕೆ ಹಾಕಿದ್ದು ಆಗಬಹುದು ಅಂತ ಬರೆದಿದ್ದೆ. ಕೊಂಬು ಸಮುದ್ರದ ಪಾಚಿ, ಶಿಯಿತಾಕೆ ಅಣಬೆ. ಬೌದ್ಧ ಸನ್ಯಾಸಿಗಳ ಅಡುಗೆಯಲ್ಲಿ ಬಳಸುವುದೂ ಇದನ್ನೇ. ತಾಕಯಾಮಾದಲ್ಲಿ ಈ ಶೋಜಿನ್ ಅಡುಗೆ ಗೊತ್ತಿರುವವರು ಇದ್ದಾರೆ, ದೇವಸ್ಥಾನಗಳ ಊರು ತಾನೇ.

ರಾತ್ರಿ ಊಟಕ್ಕೆ ಹೋಬಾ ಮಿಸೊ ಬಂತು. ಮಿಸೊ ಅಂದರೆ ಸೋಯಾ ಕಾಳು ಹುದುಗಿಸಿ ಮಾಡುವ ಉಪ್ಪಿನ ಪೇಸ್ಟು. ಹೋಬಾ ಅಂದರೆ ಕಾಡಿನ ಒಂದು ಮ್ಯಾಗ್ನೋಲಿಯಾ ಜಾತಿಯ ಮರದ ಒಣಗಿದ ಎಲೆ, ಅಂಗೈ ಎರಡರಷ್ಟು ಅಗಲ. ಪುಟ್ಟ ಇದ್ದಿಲ ಒಲೆಯ ಮೇಲೆ ಆ ಎಲೆ, ಎಲೆಯ ಮೇಲೆ ಮಿಸೊ, ಈರುಳ್ಳಿ ಎಲೆ, ಅಣಬೆ. ಮಿಸೊ ಅಂಚಿನಲ್ಲಿ ಗುಳ್ಳೆ ಎದ್ದು ಸೀಯುವ ಹೊತ್ತಿಗೆ ಎಲೆಯ ಸುವಾಸನೆ ಏಳುತ್ತದೆ, ಆಗ ಅನ್ನಕ್ಕೆ ಹಚ್ಚಿಕೊಂಡು ತಿನ್ನಬೇಕು. ಎಲೆ ಹೊತ್ತಿಕೊಳ್ಳುತ್ತದೆ ಅಂತ ನನಗೆ ಭಯ, ಅಂಚು ಕಪ್ಪಾಗುತ್ತದೆಯೇ ಹೊರತು ಉರಿಯುವುದಿಲ್ಲ. ಅತ್ತೆ ಮೊದಲ ತುತ್ತಿಗೆ ಏನೂ ಹೇಳಲಿಲ್ಲ. ಎರಡನೇ ಸಲ ಅನ್ನ ಹಾಕಿಸಿಕೊಂಡಾಗ ನನಗೆ ಸಮಾಧಾನ ಆಯಿತು.

ಮಂಗಳವಾರ

ತಾಕಯಾಮಾದಲ್ಲಿ ಬೆಳಗಿನ ಸಂತೆ ಎರಡು ಕಡೆ. ಒಂದು ಜಿನ್ಯಾ ಎಂಬ ಹಳೇ ಸರ್ಕಾರಿ ಕಚೇರಿಯ ಎದುರು, ಇನ್ನೊಂದು ಮಿಯಾಗವಾ ನದಿಯ ದಂಡೆಯ ಮೇಲೆ. ಏಪ್ರಿಲ್‌ನಿಂದ ಏಳು ಗಂಟೆಗೇ ಶುರು, ಮಧ್ಯಾಹ್ನಕ್ಕೆ ಮುಗಿಯುತ್ತದೆ. ನಗೋಯಾದಿಂದ ಬರುವ ಮೊದಲ ರೈಲು, ಟೂರ್ ಬಸ್ಸು ಯಾವುದೂ ಅಷ್ಟು ಬೇಗ ತಲುಪುವುದಿಲ್ಲ. ಹಾಗಾಗಿ ಏಳರಿಂದ ಒಂಬತ್ತರವರೆಗೆ ಸಂತೆ ಊರಿನವರದ್ದು. ಈ ಎರಡು ಗಂಟೆಗೋಸ್ಕರವಾದರೂ ಇಲ್ಲಿ ರಾತ್ರಿ ಉಳಿಯಬೇಕು.

ನದಿ ದಂಡೆಯ ಸಂತೆಗೆ ಹೋದೆವು. ಬಿಳಿ ಟೆಂಟು, ಅದರ ಕೆಳಗೆ ಹಳ್ಳಿಯ ಹೆಂಗಸರು. ಕೆಂಪು ಟರ್ನಿಪ್ ಉಪ್ಪಿನಕಾಯಿ, ಮಿಸೊ ಡಬ್ಬಿ, ಒಣಗಿಸಿದ ಅಣಬೆ, ಮುಖವೇ ಇಲ್ಲದ ಕೆಂಪು ಸರುಬೊಬೊ ಗೊಂಬೆ. ವಸಂತದಲ್ಲಿ ಮುಖ್ಯವಾಗಿ ನೋಡಬೇಕಾದ್ದು ಕಾಡಿನ ಸೊಪ್ಪು. ಒಂದು ಬುಟ್ಟಿಯಲ್ಲಿ ತುದಿ ಸುರುಳಿ ಸುತ್ತಿಕೊಂಡ ಎಳೆ ಜರಿಗಿಡ ಇತ್ತು, ಇಲ್ಲಿ ಕೊಗೊಮಿ ಅನ್ನುತ್ತಾರೆ. ಅತ್ತೆ ಬಗ್ಗಿ ಒಂದನ್ನು ಕೈಗೆ ತೆಗೆದುಕೊಂಡು, "ಕೊಡಗಿನವರು ತೆರ್ಮೆ ಅಂತ ಮಾಡ್ತಾರಲ್ಲ, ಅದೇ ಜಾತಿ ಇರಬೇಕು ಇದು" ಅಂದರು. ಪಕ್ಕದಲ್ಲಿ ಮಣ್ಣು ಮೆತ್ತಿದ ಎಳೆ ಬಿದಿರು. ಅದಕ್ಕಂತೂ ಪರಿಚಯವೇ ಬೇಕಿರಲಿಲ್ಲ, "ಕಳಲೆ!" ಅಂತ ಕನ್ನಡದಲ್ಲೇ ಕೂಗಿದರು. ಮಾರುವಾಕೆ ನಕ್ಕು "ತಾಕೆನೊಕೊ" ಅಂದಳು. ಆಮೇಲೆ ಇಬ್ಬರೂ ಕೈಯಲ್ಲೇ ಮಾತಾಡಿಕೊಂಡರು. ಅತ್ತೆ ಕಳಲೆಯನ್ನು ಎಷ್ಟು ದಿನ ನೀರಲ್ಲಿ ನೆನೆಸುತ್ತೀರಿ ಅಂತ ಬೆರಳು ತೋರಿಸಿ ಕೇಳಿದರು, ಆಕೆ ಮಡಕೆಯಲ್ಲಿ ಕುದಿಸುವ ಅಭಿನಯ ಮಾಡಿದಳು. ನಡುವೆ ಬಾಯಿ ಹಾಕಿ ಅನುವಾದ ಮಾಡೋಣ ಅಂತ ನನಗೆ ಅನಿಸಲಿಲ್ಲ.

ಅಲ್ಲೇ ಮಿತರಾಶಿ ದಾಂಗೊ ತಿಂದೆವು. ಅಕ್ಕಿಹಿಟ್ಟಿನ ಉಂಡೆಗಳನ್ನು ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಡುವುದು. ಬೇರೆ ಊರುಗಳಲ್ಲಿ ಇದಕ್ಕೆ ಸಿಹಿ ಪಾಕ ಸುರಿಯುತ್ತಾರೆ, ತಾಕಯಾಮಾದಲ್ಲಿ ಬರೀ ಸೋಯಾ ಸಾಸು. ಸಿಹಿ ಇಲ್ಲ, ಜಿಗುಟಿಲ್ಲ. ನನ್ನ ಪ್ರಕಾರ ಇದೇ ಸರಿ.

ಸಂತೆಯಿಂದ ನಿಧಾನಕ್ಕೆ ನಡೆದು, ನಕಬಾಶಿ ಅನ್ನುವ ಕೆಂಪು ಸೇತುವೆ ದಾಟಿ ಜಿನ್ಯಾಗೆ ಬಂದೆವು. ಸೇತುವೆ ಪಕ್ಕದ ಸಕುರಾ ಅರ್ಧ ಉದುರಿತ್ತು, ಎಸಳುಗಳು ಸೇತುವೆಯ ಕಟಕಟೆಗೆಲ್ಲ ಅಂಟಿಕೊಂಡಿದ್ದವು. ಎಲ್ಲರೂ ಫೋಟೋ ತೆಗೆಯುವ ಜಾಗ ಇದು. ನಾವೂ ತೆಗೆದೆವು.

ಜಿನ್ಯಾ ಅಂದರೆ ಸರ್ಕಾರಿ ಕಚೇರಿ. ಈ ಊರನ್ನು ಕಟ್ಟಿದವನು ಕನಮೊರಿ ನಾಗಚಿಕಾ ಎಂಬ ದೊರೆ, 16ನೇ ಶತಮಾನದ ಕೊನೆಯಲ್ಲಿ. ಅವನ ವಂಶದವರು ಸುಮಾರು ನೂರು ವರ್ಷ ಆಳಿದರು. 1692ರಲ್ಲಿ ತೊಕುಗಾವಾ ಶೋಗನ್, ಅಂದರೆ ಆಗ ದೇಶ ಆಳುತ್ತಿದ್ದ ಸೇನಾನಾಯಕ, ಅವರನ್ನು ಬೇರೆ ಪ್ರಾಂತ್ಯಕ್ಕೆ ಎತ್ತಂಗಡಿ ಮಾಡಿ ಈ ಹಿದಾ ಪ್ರಾಂತ್ಯವನ್ನು ನೇರವಾಗಿ ತನ್ನ ಕೈಗೆ ತೆಗೆದುಕೊಂಡ. ಕಾರಣ ಇಲ್ಲಿನ ಮರ ಮತ್ತು ಗಣಿ. ಗುಡ್ಡದ ಮೇಲಿದ್ದ ಕೋಟೆಯನ್ನು 1695ರಲ್ಲಿ ಕೆಡವಿದರು, ಊರಿನ ಆಡಳಿತ ಈ ಜಿನ್ಯಾದಿಂದ ನಡೆಯಿತು, 1868ರವರೆಗೂ. ಆಮೇಲೂ ಇದು ಕಚೇರಿಯಾಗಿಯೇ ಉಳಿಯಿತು. ಗುಮಾಸ್ತರು ಇಲ್ಲಿಂದ ಪೂರ್ತಿ ಎದ್ದು ಹೋಗಿದ್ದು 1969ರಲ್ಲಿ. ದೇಶದಲ್ಲಿ ಇಂಥ ಜಿನ್ಯಾಗಳು ಹತ್ತಾರು ಇದ್ದವು, ಮುಖ್ಯ ಕಟ್ಟಡ ಉಳಿದಿರುವುದು ಇದೊಂದೇ.

ಚಪ್ಪಲಿ ಕಳಚಿ, ಚೀಲದಲ್ಲಿ ಹಾಕಿಕೊಂಡು ಒಳಗೆ ಹೋಗಬೇಕು. ನೆಲ ತಣ್ಣಗೆ ಕೊರೆಯುತ್ತದೆ, ದಪ್ಪ ಕಾಲುಚೀಲ ಹಾಕಿಕೊಂಡು ಹೋಗಿ. ಕೋಣೆಯಿಂದ ಕೋಣೆಗೆ ತತಾಮಿಯ ಅಂಚು ಬದಲಾಗುತ್ತದೆ, ಅದರಿಂದಲೇ ಅಲ್ಲಿ ಕೂರುತ್ತಿದ್ದವನ ಅಂತಸ್ತು ತಿಳಿಯುತ್ತದೆ. ಮರಕ್ಕೆ ಹೊಡೆದ ದಪ್ಪ ಮೊಳೆಗಳ ತಲೆ ಕಾಣದ ಹಾಗೆ ಮೇಲೊಂದು ಪುಟ್ಟ ಮುಚ್ಚಳ, ಅದರ ಆಕಾರ ಮೊಲದ್ದು. ಎರಡು ಕಿವಿ ನೆಟ್ಟಗೆ, ಮುಖ ನೇರ ನಮ್ಮ ಕಡೆಗೆ. ಇಷ್ಟು ಮುದ್ದಾದ ಮೊಲ ಇಟ್ಟವರೇ ಇನ್ನೊಂದು ತುದಿಯಲ್ಲಿ ವಿಚಾರಣೆಯ ಅಂಗಳವನ್ನೂ ಇಟ್ಟಿದ್ದಾರೆ. ಏಣುಗಳಿರುವ ಮರದ ಹಲಗೆಯ ಮೇಲೆ ಆರೋಪಿಯನ್ನು ಮಂಡಿಯೂರಿ ಕೂರಿಸಿ ತೊಡೆಯ ಮೇಲೆ ಕಲ್ಲು ಚಪ್ಪಡಿ ಹೇರುತ್ತಿದ್ದರು, ಆ ಕಲ್ಲು ಈಗಲೂ ಅಲ್ಲಿದೆ. ಅತ್ತೆ ತಮ್ಮ ಮಂಡಿ ಮುಟ್ಟಿಕೊಂಡು ಮುಂದೆ ನಡೆದರು.

ಹಿಂದುಗಡೆ ಭತ್ತದ ಕಣಜ. ಕೋಟೆಯಲ್ಲಿದ್ದ ಉಗ್ರಾಣವನ್ನೇ 1695ರಲ್ಲಿ ಬಿಚ್ಚಿ ಇಲ್ಲಿಗೆ ತಂದು ನಿಲ್ಲಿಸಿದ್ದು. ಕಂದಾಯದ ಅಕ್ಕಿ ಬಂದು ಬೀಳುತ್ತಿದ್ದುದು ಇಲ್ಲಿ. ಅಕ್ಕಿಯ ಜೊತೆಗೆ ಜಗಳವೂ. ಒಹಾರಾ ಎಂಬ ಅಧಿಕಾರಿ ಮತ್ತು ಅವನ ಮಗನ ಕಾಲದಲ್ಲಿ, 1771ರಿಂದ 1788ರವರೆಗೆ, ರೈತರು ಮತ್ತೆ ಮತ್ತೆ ದಂಗೆ ಎದ್ದರು. ಶಿಕ್ಷೆ ಅನುಭವಿಸಿದವರು ಲೆಕ್ಕವಿಲ್ಲದಷ್ಟು. ಚಂದದ ಊರು ಅಂತ ನೋಡಲು ಬರುವ ನಾವು ಈ ಕಣಜದಲ್ಲಿ ಸ್ವಲ್ಪ ಹೊತ್ತು ಜಾಸ್ತಿ ನಿಲ್ಲಬೇಕು ಅಂತ ನನಗೆ ಅನಿಸುತ್ತದೆ.

ಮಧ್ಯಾಹ್ನ ಅತ್ತೆ ಮಲಗಿದರು. ನಾನು ಐದು ಗಂಟೆಗೆ ಒಬ್ಬಳೇ ಸನ್‌ಮಾಚಿ ಬೀದಿಗಳಿಗೆ ಹೋದೆ. ಹಳೇ ವರ್ತಕರ ಬೀದಿ ಇದು, 1979ರಿಂದ ಸಂರಕ್ಷಿತ ಪ್ರದೇಶ. ಹಗಲು ಹೊತ್ತಿನಲ್ಲಿ ಐಸ್‌ಕ್ರೀಮು, ದನದ ಮಾಂಸದ ಸುಶಿ, ಸೆಲ್ಫಿ ಕೋಲು, ಎಲ್ಲಾ ಇರುತ್ತದೆ. ಐದಾಗುತ್ತಿದ್ದ ಹಾಗೆ ಅಂಗಡಿಗಳು ಒಂದೊಂದಾಗಿ ಬಾಗಿಲು ಎಳೆದುಕೊಳ್ಳುತ್ತವೆ, ಟೂರಿನವರು ಬಸ್ಸಿಗೆ ಹೋಗುತ್ತಾರೆ. ಆಗ ಬೀದಿ ಕಾಣಿಸಲು ಶುರುವಾಗುತ್ತದೆ. ತಗ್ಗು ಸೂರು, ಕಪ್ಪಗಾದ ಮರದ ಸಳಿಗಳು, ಎರಡೂ ಬದಿಗೆ ಕಲ್ಲಿನ ಕಾಲುವೆಯಲ್ಲಿ ಓಡುವ ನೀರು. ಚಳಿಗಾಲದಲ್ಲಿ ಹಿಮವನ್ನು ಈ ಕಾಲುವೆಗೇ ತಳ್ಳುತ್ತಾರಂತೆ. ಸಾಕೆ, ಅಂದರೆ ಅಕ್ಕಿಯ ಮದ್ಯ, ಮಾಡುವ ಮನೆಗಳ ಮುಂದೆ ಸುಗಿ ಸೊಪ್ಪಿನ ದೊಡ್ಡ ಚೆಂಡು ತೂಗು ಹಾಕಿರುತ್ತಾರೆ. ಹೊಸ ಸಾಕೆ ತಯಾರಾದಾಗ ಹಸಿ ಸೊಪ್ಪಿನದ್ದು ಕಟ್ಟುವುದು, ತಿಂಗಳು ಕಳೆದಂತೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ನಾನು ನೋಡಿದ್ದು ಹಸಿರೂ ಅಲ್ಲದ ಕಂದೂ ಅಲ್ಲದ ಬಣ್ಣದಲ್ಲಿತ್ತು.

ಅಲ್ಲಲ್ಲಿ ಮನೆಗಳ ನಡುವೆ ವಿಪರೀತ ಎತ್ತರದ ಬಾಗಿಲಿರುವ ಬಿಳಿ ಗೋಡೆಯ ಉಗ್ರಾಣ ಕಾಣುತ್ತದೆ. ಇವು ಯತಾಯ್‌ಗಳನ್ನು, ಅಂದರೆ ಹಬ್ಬದ ರಥಗಳನ್ನು, ಇಡುವ ಮನೆ. ವಸಂತದ ಹಬ್ಬದಲ್ಲಿ 12 ರಥ, ಶರತ್ಕಾಲದ ಹಬ್ಬದಲ್ಲಿ 11. ಒಂದೊಂದೂ ಒಂದೊಂದು ಕೇರಿಗೆ ಸೇರಿದ್ದು, ಖರ್ಚು, ರಿಪೇರಿ, ಎಳೆಯುವುದು ಎಲ್ಲ ಆ ಕೇರಿಯವರದ್ದೇ. ನಮ್ಮ ಕಡೆ ತೇರು ಎಳೆದ ಮೇಲೆ ತಗಡಿನ ಶೆಡ್ಡಿನಲ್ಲಿ ನಿಲ್ಲಿಸುತ್ತೇವೆ, ಇಲ್ಲಿ ತೇರಿಗೂ ಒಂದು ಮನೆ. ಮಳೆ ಬಂದರೆ ರಥ ಹೊರಗೇ ಬರುವುದಿಲ್ಲ, ಎಷ್ಟು ದೂರದಿಂದ ಜನ ಬಂದಿದ್ದರೂ ಅಷ್ಟೇ. ಅರಗು, ಚಿನ್ನ, ಕೆತ್ತನೆ ಕೆಟ್ಟರೆ ಯಾರು ಹೊಣೆ ಅಲ್ವಾ? ರಥ ನೋಡಲೇಬೇಕು ಅನ್ನುವವರಿಗೆ ಸಕುರಾಯಾಮಾ ಹಚಿಮಾನ್ ದೇಗುಲದ ಪಕ್ಕ ಒಂದು ಪ್ರದರ್ಶನ ಭವನ ಇದೆ, ಶರತ್ಕಾಲದ ರಥಗಳಲ್ಲಿ ಕೆಲವನ್ನು ಸರದಿಯ ಮೇಲೆ ಅಲ್ಲಿ ನಿಲ್ಲಿಸಿರುತ್ತಾರೆ. ನಾವು ಹೋಗಲಿಲ್ಲ.

ಬುಧವಾರ

ತಾಕಯಾಮಾಗೆ ಬಂದವರೆಲ್ಲ ಶಿರಕಾವಾ-ಗೋಗೆ ಹೋಗುತ್ತಾರೆ. ಬಸ್ಸಿನಲ್ಲಿ ಒಂದು ಗಂಟೆಯೂ ಇಲ್ಲ. ಕೈ ಮುಗಿದ ಹಾಗೆ ಕಾಣುವ ಹುಲ್ಲಿನ ಚಾವಣಿಯ ಮನೆಗಳು, 1995ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ನಾನು ಬೇಡ ಅಂದೆ. ಅಲ್ಲಿನ ಪಾರ್ಕಿಂಗ್ ಮತ್ತು ಬಸ್ಸಿನ ಕ್ಯೂ ಬಗ್ಗೆ ಕೇಳಿಯೇ ಸುಸ್ತಾಗಿತ್ತು. ಬದಲಿಗೆ ಊರಿನ ಅಂಚಿನಲ್ಲೇ ಇರುವ ಹಿದಾ ನೋ ಸಾತೋಗೆ ಹೋದೆವು, ಸ್ಟೇಷನ್ನಿಂದ ಬಸ್ಸಿನಲ್ಲಿ ಹತ್ತು ನಿಮಿಷ ಅಷ್ಟೇ. ಹಿದಾ ಪ್ರಾಂತ್ಯದ ಬೇರೆ ಬೇರೆ ಹಳ್ಳಿಗಳಿಂದ ಹಳೇ ಮನೆಗಳನ್ನು ಬಿಚ್ಚಿ ತಂದು, ಒಂದು ಕೆರೆಯ ಸುತ್ತ ಮತ್ತೆ ಕಟ್ಟಿದ ಜಾಗ ಇದು, 1971ರಲ್ಲಿ ತೆರೆದದ್ದು. ಮ್ಯೂಸಿಯಂ ಅಂದರೆ ಗಾಜಿನ ಪೆಟ್ಟಿಗೆ ಇರುತ್ತದೆ ಅಂದುಕೊಂಡಿದ್ದ ಅತ್ತೆಗೆ ಇಲ್ಲಿ ನೇರ ಅಡುಗೆಮನೆಗೇ ಹೋಗಬಹುದು ಅಂತ ಗೊತ್ತಾದ ಕೂಡಲೇ ನಡಿಗೆ ಚುರುಕಾಯಿತು.

ಮನೆಯೊಳಗೆ ನಡುವಿನಲ್ಲಿರುವ ಒಲೆಯಲ್ಲಿ ಬೆಂಕಿ ಹಾಕಿರುತ್ತಾರೆ. ನೋಡುವವರಿಗೋಸ್ಕರ ಅಲ್ಲ, ಹೊಗೆ ಮೇಲೆ ಹೋಗಿ ಹುಲ್ಲಿನ ಚಾವಣಿಗೆ ಹಿಡಿಯಬೇಕು, ಇಲ್ಲದಿದ್ದರೆ ಹುಳ ಬೀಳುತ್ತದೆ, ಹುಲ್ಲು ಕೊಳೆಯುತ್ತದೆ. ಒಳಗೆ ಹೋದರೆ ಕಣ್ಣು ಉರಿ. ಅತ್ತೆ ಮಾತ್ರ ಆರಾಮಾಗಿ ಒಲೆ ಪಕ್ಕದ ಕಟ್ಟೆಯಲ್ಲಿ ಕೂತು ಮೇಲೆ ನೋಡುತ್ತಿದ್ದರು. ತೊಲೆಗಳನ್ನು ಒಂದಕ್ಕೊಂದು ಹಗ್ಗದಲ್ಲಿ ಬಿಗಿದು ಕಟ್ಟಿದ್ದಾರೆ, ಮೊಳೆ ಹೊಡೆದಿಲ್ಲ. ಕಂಬ ಮತ್ತು ಅಡ್ಡತೊಲೆ ಸೇರುವಲ್ಲಿ ಕಚ್ಚು ಹಾಕಿ ಕೂಡಿಸಿದ್ದಾರೆ. ಅಟ್ಟದಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು.

ಇಲ್ಲಿಗೆ ತಂದ ಮನೆಗಳಲ್ಲಿ ವಾಕಯಾಮಾ ಮನೆತನದ್ದೂ ಒಂದು. ಅದು ಶೋಕಾವಾ ಎಂಬ ಹಳ್ಳಿಯಿಂದ ಬಂದದ್ದು. ಶೋ ನದಿಗೆ ಮಿಬೋರೋ ಅಣೆಕಟ್ಟು ಕಟ್ಟಿದಾಗ, ಅಂದರೆ 1961ಕ್ಕೆ ಮುಗಿದ ಯೋಜನೆ ಅದು, ಆ ಕಡೆಯ ಊರುಗಳು ನೀರಿನಡಿಗೆ ಹೋದವು. ನಾನು ಫೋನಿನಲ್ಲಿ ಓದಿ ಹೇಳುತ್ತಾ ಇದ್ದೆ. ಅತ್ತೆ ಮಧ್ಯದಲ್ಲೇ, "ಓ, ಇವರೂ ಮುಳುಗಡೆಯವರಾ?" ಅಂದರು.

ಸಾಗರದ ಕಡೆಯವರಿಗೆ ಈ ಮಾತು ವಿವರಿಸಬೇಕಿಲ್ಲ. ಶರಾವತಿಗೆ ಲಿಂಗನಮಕ್ಕಿ ಕಟ್ಟಿದ್ದು 1964ರಲ್ಲಿ. ಅತ್ತೆಯ ತವರು ಆ ನೀರಿನ ಕೆಳಗಿದೆ. ಆಗ ಅವರು ಸಣ್ಣ ಹುಡುಗಿ. ಈ ಕಥೆ ನಾನು ಮದುವೆಯಾದಾಗಿನಿಂದ ಒಂದೆರಡು ವಾಕ್ಯದಲ್ಲಿ ಕೇಳಿದ್ದೆ ಅಷ್ಟೇ, ಅವತ್ತು ಆ ಹೊಗೆಯಲ್ಲಿ ಕೂತು ಅವರು ಒಂದು ಗಂಟೆ ಮಾತಾಡಿದರು. ಅವರ ಅಪ್ಪ ಮನೆಯ ಕಂಬ, ಬಾಗಿಲು, ದಾರಂದ ಎಲ್ಲ ಬಿಚ್ಚಿಸಿ ಗಾಡಿ ಮೇಲೆ ಹೇರಿಸಿದ್ದು, ಯಾವ ಕಂಬ ಎಲ್ಲಿಯದು ಅಂತ ಆಚಾರಿ ಸುಣ್ಣದಲ್ಲಿ ಗುರುತು ಹಾಕಿದ್ದು, ಹೊಸ ಜಾಗದಲ್ಲಿ ಮನೆ ಎದ್ದಾಗ ಎರಡು ಕಂಬ ಹೆಚ್ಚಾಗಿ ಉಳಿದು ಅವು ಕೊಟ್ಟಿಗೆಗೆ ಹೋಗಿದ್ದು. ಅಡಿಕೆ ತೋಟ ಮಾತ್ರ ಬಿಚ್ಚಿ ತರೋ ಹಾಗಿರಲಿಲ್ಲ. ಈಗಲೂ ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಹಳೇ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದೆ, ಜನ ಪಿಕ್ನಿಕ್ಕಿಗೆ ಹೋಗುತ್ತಾರೆ. "ನಾನು ಒಂದು ಸಲ ಹೋಗಿದ್ದೆ, ಮತ್ತೆ ಹೋಗಲಿಲ್ಲ" ಅಂದರು.

ನಾನು ಅವರಿಗೆ ಶೋಕಾವಾ ಸಕುರಾದ ಕಥೆ ಹೇಳಿದೆ. ಅದೇ ಮಿಬೋರೋ ನೀರಲ್ಲಿ ಮುಳುಗಬೇಕಿದ್ದ ಎರಡು ಮರಗಳು, ಎರಡಕ್ಕೂ 400 ವರ್ಷಕ್ಕಿಂತ ಹೆಚ್ಚು ವಯಸ್ಸು. ಅಣೆಕಟ್ಟು ಕಟ್ಟಿಸಿದ ಕಂಪನಿಯ ಮುಖ್ಯಸ್ಥರಾಗಿದ್ದ ತಾಕಾಸಾಕಿ ತಾತ್ಸುನೊಸುಕೆ ಮುಳುಗುವ ಊರಿನ ದೇವಸ್ಥಾನದಲ್ಲಿ ಆ ಮರ ನೋಡಿ ಉಳಿಸಲೇಬೇಕು ಅಂತ ಹಟ ಹಿಡಿದರು. 1960ರಲ್ಲಿ ಬೇರು ಸಮೇತ ಎತ್ತಿ, ಬೆಟ್ಟದ ಮೇಲಕ್ಕೆ ಎಳೆದುಕೊಂಡು ಹೋಗಿ, ನೀರಿನ ಮಟ್ಟಕ್ಕಿಂತ ಮೇಲೆ ನೆಟ್ಟರು. ಬದುಕಿದವು. ಈಗಲೂ ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಿ ಜಲಾಶಯದ ದಂಡೆಯಲ್ಲಿ ಹೂ ಬಿಡುತ್ತವೆ. ಅತ್ತೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮರ ಎತ್ತಿಸಿದ್ದು ಒಳ್ಳೇದೇ. ಮನುಷ್ಯರಿಗೆ ಏನು ಕೊಟ್ಟರಂತೆ?" ಅಂದರು. ಪರಿಹಾರ ಕೊಟ್ಟರು, ಎಷ್ಟೋ ಜನ ಊರು ಬಿಟ್ಟು ದೂರದ ಪೇಟೆಗಳಿಗೆ ಹೋದರು ಅಂತ ಹೇಳಿದೆ. "ಹಾಂ" ಅಂದರು. ನಮ್ಮ ಕಡೆ ಮುಳುಗಡೆಯವರ ಹಕ್ಕುಪತ್ರದ ಗೋಳು ಇವತ್ತಿಗೂ ಮುಗಿದಿಲ್ಲ, ಅದು ಇಬ್ಬರಿಗೂ ಗೊತ್ತು, ಹೇಳಿಕೊಳ್ಳಲಿಲ್ಲ.

ಅವತ್ತು ಮಧ್ಯಾಹ್ನದ ನಿದ್ದೆ ತಪ್ಪಿತು. ಕೇಳಿದರೆ "ಪರವಾಗಿಲ್ಲ, ಇನ್ನೊಂದು ಮನೆ ನೋಡೋಣ" ಅಂದರು! ಹಾಗಾಗಿ ಊರೊಳಗೆ ಬಂದು ಕುಸಕಾಬೆ ಮನೆಗೆ ಹೋದೆವು. ಶೋಗನ್ನರ ಕಾಲದ ದೊಡ್ಡ ವರ್ತಕರ ಮನೆ, 1875ರ ಬೆಂಕಿಯಲ್ಲಿ ಸುಟ್ಟು ಹೋಗಿ 1879ರಲ್ಲಿ ಮತ್ತೆ ಕಟ್ಟಿದ್ದು. ಒಳಗೆ ಕಾಲಿಟ್ಟ ಕೂಡಲೇ ತಲೆ ಮೇಲಕ್ಕೆ ಹೋಗುತ್ತದೆ. ಚಾವಣಿಯ ತನಕ ಖಾಲಿ ಜಾಗ, ಅಡ್ಡಡ್ಡ ದೊಡ್ಡ ತೊಲೆಗಳು, ಎತ್ತರದ ಕಿಟಕಿಯಿಂದ ಇಳಿಯುವ ಬೆಳಕು. ತೊಲೆಗಳ ಮೇಲೆ ಬಾಚಿಯ ಗುರುತು ಸಾಲಾಗಿ ಕಾಣುತ್ತದೆ, ಹೊಳಪು ಮಾತ್ರ ಗಾಜಿನಂಥದ್ದು.

ಹಿದಾ ಬಡಗಿಗಳ ಹೆಸರು ಇಂದು ನಿನ್ನೆಯದಲ್ಲ. 8ನೇ ಶತಮಾನದ ಕಾನೂನಿನಲ್ಲೇ ಇದೆ: ಗುಡ್ಡಗಾಡಾದ ಹಿದಾದವರು ಬೇರೆ ಪ್ರಾಂತ್ಯಗಳ ಹಾಗೆ ಬಟ್ಟೆ, ಸರಕಿನ ತೆರಿಗೆ ಕೊಡಬೇಕಿಲ್ಲ, ಬದಲಿಗೆ 50 ಮನೆಗೆ 10 ಜನದಂತೆ ರಾಜಧಾನಿಗೆ ಬಡಗಿ ಕೆಲಸಕ್ಕೆ ಕಳಿಸಬೇಕು. ಅರಮನೆ, ದೇವಾಲಯ ಕಟ್ಟಲು ಇವರು ವರ್ಷಗಟ್ಟಲೆ ದುಡಿದರು. ತೆರಿಗೆ ಅಂತ ಮನುಷ್ಯರನ್ನೇ ಕೊಟ್ಟ ಊರು ಇದು, ಕೈ ಚಳಕ ಹುಟ್ಟಿದ್ದು ಬಿಟ್ಟಿ ದುಡಿಮೆಯಿಂದ. ಇಲ್ಲಿ ಇಚಿಯಿ ಎಂಬ ಮರದಲ್ಲಿ ಬಣ್ಣ ಹಚ್ಚದೆ ಕೆತ್ತುವ ಗೊಂಬೆಗಳು ಸಿಗುತ್ತವೆ. ಸಾಗರ, ಸೊರಬದ ಗುಡಿಗಾರರ ಗಂಧದ ಕೆಲಸ ನೋಡಿ ಬೆಳೆದ ಅತ್ತೆ ಒಂದು ಗೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಬೆಲೆ ಕೇಳಿ, ಅಲ್ಲೇ ಇಟ್ಟರು. "ಕೆಲಸ ಚೆನ್ನಾಗಿದೆ. ಆದರೆ ಗುಡಿಗಾರರದ್ದು ಇನ್ನೂ ನಯ." ಪಕ್ಷಪಾತ ಇರಬಹುದು, ಆದರೆ ಉಳಿ ಹಿಡಿದ ಕೈ ನೋಡುವ ಕಣ್ಣು ಅವರಿಗೆ ಇದೆ ಅನ್ನುವುದಂತೂ ನಿಜ.

ರಾತ್ರಿ ಸ್ನಾನ. ಜಪಾನಿನ ಸಾರ್ವಜನಿಕ ಸ್ನಾನದ ಕೊಳಕ್ಕೆ ಅತ್ತೆ ಸುತರಾಂ ಒಪ್ಪಿರಲಿಲ್ಲ, ಬಟ್ಟೆ ಇಲ್ಲದೆ ನಾಲ್ಕು ಜನರ ಎದುರು ಇಳಿಯಬೇಕಲ್ಲ. ವಸತಿಯಲ್ಲಿ ಒಳಗಿಂದ ಚಿಲಕ ಹಾಕಿಕೊಳ್ಳುವ ಒಂದು ಸಣ್ಣ ಸ್ನಾನದ ಕೋಣೆ ಇತ್ತು, ಕೇಳಿದರೆ ಮುಕ್ಕಾಲು ಗಂಟೆಗೆ ಬಿಟ್ಟುಕೊಡುತ್ತಾರೆ. ಹಿನೋಕಿ ಮರದ ತೊಟ್ಟಿ, ಕುತ್ತಿಗೆವರೆಗೆ ಬಿಸಿನೀರು. ಮೊದಲು ಹೊರಗೆ ಸೋಪು ಹಚ್ಚಿ ಪೂರ್ತಿ ತೊಳೆದುಕೊಂಡೇ ತೊಟ್ಟಿಗೆ ಇಳಿಯಬೇಕು ಅಂತ ನಾನು ಹೇಳಿದ್ದಕ್ಕೆ, "ಅದು ಸರಿಯಾದ ಮಡಿ" ಅಂತ ಒಪ್ಪಿಗೆ ಕೊಟ್ಟರು. ಮುಕ್ಕಾಲು ಗಂಟೆ ಮುಗಿದರೂ ಬರಲಿಲ್ಲ, ನಾನೇ ಹೋಗಿ ಬಾಗಿಲು ಬಡಿಯಬೇಕಾಯಿತು.

ಗುರುವಾರ

ವಾಪಸ್ ಹೋಗುವ ದಿನ. ಲಗೇಜು ಸ್ಟೇಷನ್ ಲಾಕರಿನಲ್ಲಿ ಹಾಕಿ, ಲೋಕಲ್ ರೈಲಿನಲ್ಲಿ ಒಂದೇ ಸ್ಟೇಷನ್ ಹಿಂದಕ್ಕೆ ಹೋದೆವು, ಹಿದಾ-ಇಚಿನೊಮಿಯಾ. ಲೋಕಲ್ ರೈಲುಗಳು ಕಡಿಮೆ, ವೇಳಾಪಟ್ಟಿ ಮೊದಲೇ ನೋಡಿಕೊಂಡು ಹೋಗಿ, ಇಲ್ಲದಿದ್ದರೆ ಗಂಟೆಗಟ್ಟಲೆ ಕೂರಬೇಕಾಗುತ್ತದೆ. ನಮಗೆ ಕೂರುವುದೇ ಬೇಕಿತ್ತು.

ಸ್ಟೇಷನ್ ಹಿಂದೆಯೇ ಗಾರ್ಯೂ-ಝಾಕುರಾ, ಮಲಗಿದ ಡ್ರ್ಯಾಗನ್ ಅಂತ ಹೆಸರು ಪಡೆದ ಸಕುರಾ ಮರ. ವಯಸ್ಸು 1,100 ವರ್ಷಕ್ಕೂ ಮೇಲೆ ಅನ್ನುತ್ತಾರೆ, 1973ರಿಂದ ರಾಷ್ಟ್ರೀಯ ನೈಸರ್ಗಿಕ ಸ್ಮಾರಕ. ಅದರ ಕಾಂಡ ನೆಲಕ್ಕೆ ಮಲಗಿ ಹರಿದಿದೆ, ಕೊಂಬೆಗಳಿಗೆ ಅಲ್ಲಲ್ಲಿ ಮರದ ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ. ಹೂ ಅರ್ಧಕ್ಕರ್ಧ ಉದುರಿತ್ತು. ಪೂರ್ತಿ ಅರಳಿದಾಗ ಬಂದಿದ್ದರೆ ಇನ್ನೂ ಚೆನ್ನ ಅಂತ ಪಕ್ಕದಲ್ಲಿ ಯಾರೋ ಹೇಳುತ್ತಿದ್ದರು. ಇರಬಹುದು. ಆದರೆ ಹೂ ಕಡಿಮೆಯಾದಾಗಲೇ ಮರ ಕಾಣುವುದು. ತೊಗಟೆ ಸೀಳಿ, ಒಳಗೆ ಪೊಟರೆಯಾಗಿ, ಪೊಟರೆಯ ಅಂಚಿನಿಂದಲೇ ಪೆನ್ಸಿಲಿನಷ್ಟು ಸಣ್ಣ ಹೊಸ ರೆಂಬೆ ಬಂದು ಅದರಲ್ಲಿ ಮೂರೇ ಮೂರು ಹೂವು.

ಬೆಂಚಿನ ಮೇಲೆ ಕೂತು ಸಂತೆಯಿಂದ ತಂದ ಸೇಬು ತಿಂದೆವು. ನಮ್ಮ ಹಾಗೇ ಕೂತಿದ್ದ ಒಬ್ಬ ಅಜ್ಜ ಫ್ಲಾಸ್ಕಿನಿಂದ ಚಹಾ ಕೊಟ್ಟರು. ಹಾಲು, ಸಕ್ಕರೆ ಇಲ್ಲದ ಹಸಿರು ಚಹಾ. ಅತ್ತೆ ಔಷಧಿಯ ಹಾಗೆ ಒಂದೇ ಗುಟುಕಿಗೆ ಕುಡಿದು, ತಲೆ ಬಗ್ಗಿಸಿ "ಅರಿಗಾತೋ" ಅಂದರು. ಅಜ್ಜನಿಗೆ ಇಷ್ಟು ಸಂತೋಷ ಆಯಿತೆಂದರೆ ಮತ್ತೆ ಲೋಟ ತುಂಬಿಸಿಬಿಟ್ಟರು.

ಮಧ್ಯಾಹ್ನದ ಎಕ್ಸ್‌ಪ್ರೆಸ್ಸಿಗೆ ಮೊದಲು ತಾಕಯಾಮಾದಲ್ಲಿ ಅತ್ತೆ ಶಾಪಿಂಗ್ ಮಾಡಿದರು. ಮಿಸೊ ಎರಡು ಡಬ್ಬಿ, ಒಣ ಹೋಬಾ ಎಲೆಯ ನಾಲ್ಕು ಕಟ್ಟು, ಇದ್ದಿಲ ಹಾಕುವ ಆ ಪುಟ್ಟ ಮಣ್ಣಿನ ಒಲೆಯೂ ಬೇಕಂತೆ. ವಿಮಾನದಲ್ಲಿ 23 ಕೆಜಿ ಅಷ್ಟೇ ಬಿಡುವುದು ಅತ್ತೆ, ಒಲೆಯೇ ಮೂರು ಕೆಜಿ ಆಗುತ್ತದೆ ಅಂದೆ. "ನನ್ನ ಸೀರೆ ಇಲ್ಲೇ ಇರಲಿ, ಮುಂದಿನ ಸಲ ಬಂದಾಗ ಉಡ್ತೀನಿ" ಅಂದರು. ಒಲೆ ಈಗ ಸಾಗರದಲ್ಲಿದೆ, ಆರು ಸೀರೆ ನಗೋಯಾದ ನಮ್ಮ ಬೀರುವಿನಲ್ಲಿ.